ಕೂಗದೆ ಹತ್ತಿದ ಮಾಳಿಗಿ

ನೀಲವ್ವನ ಗುಟ್ಟನ್ನು ಹೊರಗೆ ಹಾಕಿದವಳು ನಾನು. ಆಕೆಯ ಮಗ್ಗುಲ ಮನೆಯ ಮೆಹಬೂಬಿಯ ಮಗ ರಫೀಕ ಅಲ್ಲ. ಆ ಹುಡುಗ ಆಕೆಯನ್ನು ನೋಡಿಯೇ ಇಲ್ಲ — ಅವನು ಯಾರ ಮಾಳಿಗಿಯನ್ನೂ ಕೂಗದೆ ಹತ್ತಿದವನಲ್ಲ. ಕೂಗದೆ ಹತ್ತಿದವಳು ನಾನು. ಅದೂ ನಮ್ಮ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೊಣಕಾಲಿನ ಮೇಲೆ ಶಾಲು ಹೊದ್ದು, ಕೈಯಲ್ಲಿ ರಿಮೋಟ್ ಹಿಡಿದು, ಕೂತಲ್ಲಿಂದಲೇ ಹತ್ತಿದೆ.

ಇದನ್ನು ಇಷ್ಟು ನೇರವಾಗಿ ಬರೆಯಲಿಕ್ಕೆ ವರ್ಷಗಳೇ ಹಿಡಿದವು. ಪ್ರತಿ ಸಲ ಶುರು ಮಾಡಿದಾಗಲೂ ಮೊದಲ ಸಾಲು ಬೇರೆಯೇ ಆಗುತ್ತಿತ್ತು — ಡ್ರೋನ್ ಎಂಥ ವಿಚಿತ್ರ ವಸ್ತು, ಕಾಲ ಹೇಗೆ ಬದಲಾಯಿತು, ಇಂಥವು. ಮಕ್ಕಳಿಂದ ಪ್ರಬಂಧ ಬರೆಸಿ ಬರೆಸಿ ಹಾಳಾದ ಕೈ ಇದು. ಇಂಟ್ರೊಡಕ್ಷನ್ನಿನ ಹಿಂದೆ ಅಡಗಿಕೊಳ್ಳುವುದನ್ನು ಚೆನ್ನಾಗಿ ಕಲಿತಿದೆ.

ನನ್ನ ಹೆಸರು ಸುಲೋಚನಾ. ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಭೂಗೋಳ ಕಲಿಸಿ ರಿಟೈರ್ ಆದವಳು. ಓಣಿಯವರಿಗೆ ‘ಅಕ್ಕಾರು’, ಕಲಿತ ಹುಡುಗಿಯರಿಗೆ ‘ಮಿಸ್’. ಮದುವೆ ಆಗಲಿಲ್ಲ — ಅದು ಬೇರೆ ಕತೆ, ದೊಡ್ಡ ಕತೆಯೂ ಅಲ್ಲ. ಓದಿದ್ದು ಧಾರವಾಡದ ಒಂದು ಕಾನ್ವೆಂಟಿನಲ್ಲಿ. ಅಲ್ಲಿಯ ಚಾಪೆಲ್ಲಿನ ಮೂಲೆಯಲ್ಲಿ ಕಟ್ಟಿಗೆಯ ಒಂದು ಗೂಡು ಇತ್ತು, ನಡುವೆ ಜಾಳಿಗಿ. ಕ್ರಿಶ್ಚಿಯನ್ ಹುಡುಗಿಯರು ಅದರೊಳಗೆ ಹೋಗಿ, ಮೊಣಕಾಲೂರಿ, ಜಾಳಿಗಿಯ ಆಚೆ ಕೂತ ಫಾದರಿಗೆ ತಮ್ಮ ತಪ್ಪುಗಳನ್ನು ಪಿಸುಗುಟ್ಟಿ, ಹಗುರಾಗಿ ಹೊರಗೆ ಬರುತ್ತಿದ್ದರು. ನಾವು ಉಳಿದವರು ಹೊರಗೆ ಬೆಂಚಿನ ಮೇಲೆ. ಒಳಗೆ ಏನು ಹೇಳುತ್ತಾರೆ? ಒಂದು ಸಲ ತಡೆಯಲಾರದೆ ಹಿಂದಿನಿಂದ ಹೋಗಿ ಕಟ್ಟಿಗೆಗೆ ಕಿವಿ ಹಚ್ಚಿದೆ. ಸಿಸ್ಟರ್ ಅದೇ ಕಿವಿ ಹಿಡಿದು ಎಬ್ಬಿಸಿದರು. “ಯು ಆರ್ ಟೂ ಕ್ಯೂರಿಯಸ್, ಚೈಲ್ಡ್,” ಅಂದರು. ಸಿಟ್ಟಿನಿಂದಲ್ಲ, ಡಾಕ್ಟರು ರೋಗದ ಹೆಸರು ಹೇಳಿದ ಹಾಗೆ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಖರೆ ಹೇಳಬೇಕೆಂದರೆ ಆ ಹೆಮ್ಮೆ ಇನ್ನೂ ಪೂರ್ತಿ ಹೋಗಿಲ್ಲ.

ಮೊಣಕಾಲು ಕೆಟ್ಟ ಮೇಲೆ ನಮ್ಮ ಮನೆಯ ಮಾಳಿಗಿಯೇ ನನಗೆ ಪರದೇಶವಾಯಿತು. ಹಿತ್ತಲಿನ ಕಲ್ಲಿನ ಮೆಟ್ಟಿಲು ಕಡಿದಾಗಿವೆ, ಹಿಡಿಯಲಿಕ್ಕೆ ಏನೂ ಇಲ್ಲ. ಮೇಲೆ ಹೋಗಿ ಹಪ್ಪಳ ಒಣಗಿಸುವುದು, ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು ಕೂಡುವುದು, ಹುನಗುಂದದ ಕಡೆಯ ಬಯಲು ಎಲ್ಲಿ ಮುಗಿಯುತ್ತದೆ ಎಂದು ಸುಮ್ಮನೆ ನೋಡುವುದು — ಎಲ್ಲ ನಿಂತುಹೋಯಿತು. ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ ಗಂಡನ ಜೊತೆ ಮದುವೆಯ ಫೋಟೋ, ವಿಡಿಯೋ ಮಾಡುತ್ತಾಳೆ. ಆಕೆಯ ಮುಂದೆ ಒಮ್ಮೆ ಇದನ್ನು ಹೇಳಿಕೊಂಡಾಗ, ಮರುವಾರ ಒಂದು ಸಣ್ಣ ಡಬ್ಬಿ ತಂದು ಟೇಬಲ್ಲಿನ ಮೇಲೆ ಇಟ್ಟಳು.

“ನಾವು ದೊಡ್ಡದು ತಗೊಂಡೇವ್ರಿ ಮಿಸ್, ಇದು ಸುಮ್ನ ಬಿದ್ದೈತಿ. ನಿಮ್ಮ ಕಾಲು ಹತ್ತಂಗಿಲ್ಲ ಅಂದ್ರ ಕಣ್ಣರ ಹತ್ಲಿ ಬಿಡ್ರಿ.”

ಅಂಗೈ ಮೇಲೆ ಕೂಡುವ ಡ್ರೋನ್. ಎರಡು ಹಿಡಿ ಶೇಂಗಾದಷ್ಟು ಭಾರ. ಈಗ ಇಂಥವು ಮೊಬೈಲಿಗಿಂತ ಸೋವಿ ಆಗಿವೆ ಅಂದಳು. ಬರ್ತ್‌ಡೇ ಗಿಫ್ಟ್ ಕೂಡ ಕೊಡುತ್ತಾರಂತೆ. ಎಡಗೈ ಬೆರಳು ಏರಿಸಲಿಕ್ಕೆ, ಬಲಗೈ ಬೆರಳು ಹಿಂದೆ ಮುಂದೆ ಒಯ್ಯಲಿಕ್ಕೆ. ನಾನು ಬೇಗ ಕಲಿತೆ. ಮೊದಲ ಸಲ ಅದು ಮೇಲೆ ಹೋಗಿ ಕೆಳಗೆ ನೋಡಿದಾಗ, ಸ್ಕ್ರೀನಿನ ಮೇಲೆ ಒಬ್ಬ ಮುದುಕಿ ಕುರ್ಚಿಯಲ್ಲಿ ಕೂತಿದ್ದಳು. ಬೈತಲೆ ಅಗಲವಾಗಿ, ಬೆಳ್ಳಗೆ, ಡಾಂಬರು ಕಾಣದ ರಸ್ತೆಯ ಹಾಗೆ. ಯಾರಿವಳು ಅಂದುಕೊಂಡೆ. ನಾನು ತಲೆ ಎತ್ತಿದೆ, ಅವಳೂ ಎತ್ತಿದಳು.

ಎಷ್ಟು ಖುಷಿಪಟ್ಟೆ ಎಂಬುದನ್ನೂ ಬರೆಯಲೇಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ‘ಬರ್ಡ್ಸ್ ಐ ವ್ಯೂ’ ಎಂಬುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ವಿವರಿಸಿದವಳು ನಾನು, ಎಂದೂ ಕಂಡವಳಲ್ಲ. ಈಗ ಕಂಡೆ. ನಮ್ಮ ಓಣಿ ಮೇಲಿನಿಂದ ಹೊಲಿದ ಕೌದಿಯ ಹಾಗಿತ್ತು — ಮೆಣಸಿನಕಾಯಿ ಹರಡಿದ ಮಾಳಿಗಿ ಕೆಂಪು ತುಂಡು, ಬಣ್ಣ ಹಾಕಿದ ನೂಲು ಒಣಗಿಸಿದ್ದು ನೀಲಿ ತುಂಡು, ನಡುವೆ ಕಪ್ಪು ನೀರಿನ ಟ್ಯಾಂಕುಗಳು ಗುಂಡಿಗಳ ಹಾಗೆ.

ಸವಿತಾ ಒಂದು ಭಾನುವಾರ ನನ್ನನ್ನು ಬಾದಾಮಿಗೂ ಕರೆದೊಯ್ದಳು. ಗುಹೆಗಳನ್ನು ನಾನು ಇನ್ನು ಹತ್ತಲಾರೆ, ಡ್ರೋನ್ ಹತ್ತಲಿ ಎಂದು. ಡಬ್ಬಿ ತೆಗೆದದ್ದೇ ತಡ, ಕಾವಲುಗಾರನೊಬ್ಬ ಬಂದ.

“ಅಜ್ಜಿ, ಅದನ್ನ ಚೀಲದಾಗ ಇಡ್ರಿ. ಇಲ್ಲೆ ಹಾರಸಾಕ ಪರ್ಮಿಷನ್ ಬೇಕು.”

“ಯಾರ ಪರ್ಮಿಷನ್ನಪಾ?”

“ಇದು ಯಾರದೈತೋ ಅವರದು.”

ಕಾರಿನಲ್ಲಿ ವಾಪಸು ಬರುವಾಗ ಸವಿತಾ ಮತ್ತು ನಾನು ಆ ಮಾತಿಗೆ ನಕ್ಕೆವು. ಕಲ್ಲಿನ ದೇವರ ಪರ್ಮಿಷನ್ ಕೇಳಬೇಕಂತೆ, ಎಂದು.

ನಮ್ಮ ಓಣಿಯ ಒಂದು ರೂಢಿಯನ್ನು ಈಗ ಹೇಳಬೇಕು. ಹಳೇ ಮನೆಗಳ ಮಾಳಿಗಿ ಎಂದರೆ ಮಣ್ಣಿನ ಚಪ್ಪಟೆ ಛಾವಣಿ. ಒಂದರ ಮಗ್ಗುಲಿಗೆ ಒಂದು, ನಡುವೆ ಮೊಣಕಾಲೆತ್ತರದ ಗೋಡೆ. ಪ್ರತಿ ಮಾಳಿಗಿಯಲ್ಲೂ ಬೆಳಕಿಂಡಿ ಇರುತ್ತದೆ — ಅಡುಗೆಮನೆಗೆ, ಬಚ್ಚಲಿಗೆ ಬೆಳಕು ಬೀಳಲೆಂದು ಬಿಟ್ಟ ಕಿಂಡಿ. ಮೇಲೆ ನಿಂತವನಿಗೆ ಅದರೊಳಗಿಂದ ಕೆಳಗಿನ ಸಂಸಾರ ಕಾಣುತ್ತದೆ. ಅದಕ್ಕೇ ಗಂಡಸಾಗಲಿ, ಕೆಲಸಕ್ಕೆ ಬಂದವನಾಗಲಿ, ಮೆಟ್ಟಿಲ ಕೆಳಗೆ ನಿಂತು ಮೊದಲು ದೊಡ್ಡದಾಗಿ ಕೂಗಬೇಕು: “ಮಾಳಿಗಿ ಹತ್ತೇನ್ರೀ.” ಸ್ವಲ್ಪ ತಾಳಬೇಕು. ಮೇಲಿದ್ದ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ, ಒದ್ದೆ ಕೂದಲು ಕಟ್ಟಿಕೊಳ್ಳಲಿ, ಕೆಳಗಿದ್ದವರು ಕಿಂಡಿಯಿಂದ ಸರಿಯಲಿ. ಆಮೇಲೆ ಹತ್ತಬೇಕು. ಹಿಂದೂ ಮನೆ, ಮುಸಲ್ಮಾನರ ಮನೆ ಎಂಬ ಭೇದ ಇದಕ್ಕಿಲ್ಲ. ಕೂಗದೆ ಹತ್ತುವವನು ಎಂದರೆ ನಮ್ಮಲ್ಲಿ ಸಣ್ಣ ಬೈಗುಳವಲ್ಲ.

ಇದು ನನಗೆ ಗೊತ್ತಿರಲಿಲ್ಲವೇ? ಕ್ಲಾಸಿನ ಬಾಗಿಲಲ್ಲಿ ‘ಮೇ ಐ ಕಮ್ ಇನ್, ಮಿಸ್?’ ಅನ್ನದ ಹುಡುಗಿಯನ್ನು ಒಳಗೆ ಬಿಡದವಳು ನಾನು. ಆದರೆ ಡ್ರೋನ್ ಹಾರಿಸುವಾಗ ನಾನು ಎಲ್ಲಿಗೂ ಹೋಗುತ್ತಿಲ್ಲ ಅನ್ನಿಸುತ್ತದೆ. ಕುರ್ಚಿಯಲ್ಲೇ ಕೂತಿದ್ದೇನೆ. ಕಾಲು ಎತ್ತಿ ಇಟ್ಟಿಲ್ಲ. ಹತ್ತಿದ ಹಾಗೆಯೇ ಅನ್ನಿಸದಿದ್ದರೆ, ಯಾರಿಗೆ ಏನಂತ ಕೂಗುವುದು — ಹೀಗೆ ಅಂದುಕೊಂಡೆನೋ, ಈಗ ಅಂದುಕೊಳ್ಳುತ್ತಿದ್ದೇನೋ.

ಇನ್ನು ನೀಲವ್ವ. ನಮ್ಮ ಹಿತ್ತಲಿಗೆ ಹತ್ತಿದ ಮನೆ ಆಕೆಯದು. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಬಂದವಳು, ನನ್ನ ವಯಸ್ಸಿನವಳು. ಓದು ಬರುವುದಿಲ್ಲ. ನಾನು ಈ ಊರಿಗೆ ಒಂದು ಟ್ರಂಕು ಹಿಡಿದು ಬಂದ ಹೊಸದರಲ್ಲಿ ನನ್ನನ್ನು ‘ಸುಲೂ’ ಎಂದು ಕರೆದ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ತಾಯಿಗೆ ಪಾಳಿ ಹಾಕಿಕೊಂಡರು — ಆರು ತಿಂಗಳು ಬಾಗಲಕೋಟಿ ನವನಗರದಲ್ಲಿ ದೊಡ್ಡವನ ಮನೆ, ಆರು ತಿಂಗಳು ಇಲ್ಲಿ ಸಣ್ಣವನ ಮನೆ. ಇಬ್ಬರೂ ಒಳ್ಳೆಯವರೇ. ಯಾರೂ ಆಕೆಗೆ ಊಟ ಕಡಿಮೆ ಮಾಡಿದವರಲ್ಲ. ನವನಗರದಿಂದ ಬಂದಾಗೊಮ್ಮೆ ಅನ್ನುತ್ತಿದ್ದಳು: “ಮೂರನೇ ಮಜಲಿನಾಗ ಇಡ್ತಾರ ಸುಲೂ. ಮ್ಯಾಲೆ ಯಾರದೋ ಮನಿ, ಕೆಳಗ ಯಾರದೋ ಮನಿ. ನಡುವ ನಾನು, ಡಬ್ಬ್ಯಾಗಿನ ಉಂಡಿ ಇದ್ದಂಗ.”

ಒಂದು ವರ್ಷ ಇಲ್ಲಿಯ ಪಾಳಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ಟೊಂಕದ ಎಲುಬು ಮುರಿದು ದವಾಖಾನಿಯಲ್ಲಿ ಆಪರೇಷನ್ ಆಯಿತು. ಪ್ರಯಾಣ ಮಾಡಿಸಬೇಡಿ ಅಂದರು ಡಾಕ್ಟರು. ಪಾಳಿ ನಿಂತಿತು. ತಿಂಗಳುಗಳು ಕಳೆದವು, ನೀಲವ್ವನ ಕಾಲು ಮಾತ್ರ ಆರಾಮಾಗಲಿಲ್ಲ. ಮಂಚ, ಮಂಚದ ಪಕ್ಕ ಕುರ್ಚಿ, ಅಷ್ಟೇ. ಸಣ್ಣ ಮಗ ಕಲ್ಲಿನ ಪಾಲಿಶ್ ಫ್ಯಾಕ್ಟರಿಗೆ, ಸೊಸೆ ಶಶಿಕಲಾ ಸೊಸೈಟಿಯ ಆಫೀಸಿಗೆ ಹೋದ ಮೇಲೆ ಹಗಲೆಲ್ಲ ಒಬ್ಬಳೇ. ನಾನು ದಿನಾ ನಾಲ್ಕು ಗಂಟೆಗೆ ಹಿತ್ತಲ ಬಾಗಿಲಿನಿಂದ ಹೋಗಿ ಚಹಾ ಮಾಡಿ, ಇಬ್ಬರೂ ಕುಡಿಯುತ್ತಿದ್ದೆವು.

“ನನ್ನ ಕಾಲು ಗ್ವಾಡಿಗೆ ಆನಿಸಿಟ್ಟ ಕೋಲು ಇದ್ದಂಗ ಆಗೇತಿ,” ಅನ್ನುತ್ತಿದ್ದಳು. “ಐತಿ. ಆದ್ರ ತಾನಾಗಿ ನಡ್ಯಾಂಗಿಲ್ಲ.”

ಆಕೆಯ ಮಾಳಿಗಿ ಮೇಲೆ ಡ್ರೋನ್ ಹೋದದ್ದು ಮೊದಲ ದಿನ ಆಕಸ್ಮಿಕ. ಇದನ್ನು ನಂಬಿರಿ, ಎರಡನೆಯ ದಿನದ್ದನ್ನು ನಂಬಿ ಅನ್ನುವುದಿಲ್ಲ. ಚಳಿಗಾಲದ ಮಧ್ಯಾಹ್ನ, ಓಣಿಯ ಗಂಡಸರೆಲ್ಲ ಕೆಲಸಕ್ಕೆ ಹೋಗಿ, ಹೆಂಗಸರು ಉಂಡು ಅಡ್ಡಾದ ಹೊತ್ತು. ಸ್ಕ್ರೀನಿನಲ್ಲಿ ಒಬ್ಬ ಹೆಂಗಸು ಆ ಮಾಳಿಗಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಸೀರೆ ಮೇಲಕ್ಕೆ ಸಿಕ್ಕಿಸಿದ್ದಳು. ತಲೆಯ ಮೇಲೆ ಸೆರಗಿಲ್ಲ. ಬಲಗೈ ಮುಂದೆ ಚಾಚಿ, ಬೆರಳುಗಳ ನಡುವೆ ಏನನ್ನೋ ಹಿಡಿದ ಹಾಗೆ. ತುದಿ ಮುಟ್ಟಿದ ಕೂಡಲೇ ಸೊಂಟ ಬಾಗಿಸಿ, ಕೈಯನ್ನು ಒಂದು ಸುತ್ತು ತಿರುಗಿಸಿ, ಮತ್ತೆ ಈ ಕಡೆಗೆ. ಕೆಲಸಕ್ಕೆ ಯಾರನ್ನೋ ಕರೆಸಿದ್ದಾರೆ ಅಂದುಕೊಂಡೆ. ಕೆಳಗಿಳಿಸಿ ನೋಡಿದೆ. ನೀಲವ್ವ.

ಆ ನಡಿಗೆ ಏನೆಂದು ಹೊಳೆಯಲಿಕ್ಕೆ ಎರಡು ದಿನ ಬೇಕಾಯಿತು. ಹಾಸು ಹಾಕುವ ನಡಿಗೆ ಅದು. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ನೂಲನ್ನು ಗೂಟಗಳಿಗೆ ಸುತ್ತುತ್ತ ಹೆಂಗಸರು ಹೋಗಿ ಬಂದು, ಹೋಗಿ ಬಂದು ಮಾಡುತ್ತಿದ್ದರಲ್ಲ — ಅದು. ಈಗ ಅದೆಲ್ಲ ಯಂತ್ರದ ಮೇಲೆ. ನೂಲಿಲ್ಲದೆ, ಗೂಟವಿಲ್ಲದೆ, ಆಕೆ ಬರಿಗೈಯಲ್ಲಿ ಹಾಸು ಹಾಕುತ್ತಿದ್ದಳು. ತುಟಿ ಅಲುಗಾಡುತ್ತಿದ್ದವು. ಹಾಡೋ, ಎಳೆಗಳ ಎಣಿಕೆಯೋ. ಡ್ರೋನಿಗೆ ಕಣ್ಣುಂಟು, ಕಿವಿ ಇಲ್ಲ.

ಆಕೆಗೆ ಕೇಳಿಸಲಿಲ್ಲವೇ ಎಂದು ನೀವು ಕೇಳಬಹುದು. ನೀಲವ್ವನಿಗೆ ಕಿವಿ ಮಂದ. ಅದೂ ಅಲ್ಲದೆ ನಮ್ಮ ಊರಿನಲ್ಲಿ ಕಲ್ಲು ಕೊಯ್ಯುವ ಸದ್ದಿನಲ್ಲಿ, ಪವರ್‌ಲೂಮಿನ ಸದ್ದಿನಲ್ಲಿ ಇದೊಂದು ಜೇನುಹುಳ. ಕಂಡವರೂ ಯಾವುದೋ ಮದುವೆಯ ವಿಡಿಯೋದವರದು ಅಂದುಕೊಂಡು ಸುಮ್ಮನಾಗುತ್ತಾರೆ.

ಮರುದಿನ ಮತ್ತೆ ಹಾರಿಸಿದೆ. ಅದರ ಮರುದಿನವೂ. ಮಧ್ಯಾಹ್ನ ಮಾಳಿಗಿಯ ಮೇಲೆ ಹುಡುಗಿಯ ಹಾಗೆ ತಿರುಗುವವಳು ನಾಲ್ಕು ಗಂಟೆಗೆ ಮಂಚದ ಮೇಲೆ ನರಳುತ್ತ, “ಇವತ್ತ ಭಾಳ ಜೋಮು ಹಿಡದೈತಿ ಸುಲೂ,” ಅನ್ನುವುದು — ಅದನ್ನು ಕೇಳುತ್ತ ಚಹಾ ಸೋಸುವಾಗ ನನಗೆ ಆಗುತ್ತಿದ್ದದ್ದನ್ನು ಏನೆಂದು ಕರೆಯಲಿ. ಸಂಕಟ ಅಲ್ಲ. ಒಂದು ಥರದ ಸುಖ. ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತು. ಬೇಕೆಂತಲೇ ಕೇಳುತ್ತಿದ್ದೆ: “ಮಾಳಿಗಿ ಬಿಸಿಲು ನೆನಪಾಗ್ತದೇನು ನೀಲವ್ವ?” ಆಕೆ ಗೋಡೆ ನೋಡುತ್ತ, “ಎಲ್ಲಿ ಮಾಳಿಗಿ ಬಿಡವ್ವ, ಮುಗೀತು,” ಅನ್ನುತ್ತಿದ್ದಳು. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆ ಎಂದು ನೋಡುತ್ತ ಕೂಡುತ್ತಿದ್ದೆ. ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೇನೆ ಎಂಬುದು ತಲೆಗೇ ಬರಲಿಲ್ಲ.

ಯಾಕೆ ನಟಿಸುತ್ತಾಳೆ? ಈ ಪ್ರಶ್ನೆಯನ್ನು ನಾನು ಡ್ರೋನಿಗೆ ಕೇಳಿದೆ, ದಿನಾ, ಬ್ಯಾಟರಿ ಮುಗಿಯುವವರೆಗೆ. ಆಕೆಗೆ ಕೇಳಲಿಲ್ಲ. ಚಹಾದ ಲೋಟ ಕೈಗೆ ಕೊಡುವಾಗ ಒಂದು ಮಾತು ಸಾಕಿತ್ತು. ಆದರೆ ಕೇಳಿದರೆ ನೋಡಿದ್ದು ಹೊರಬೀಳುತ್ತದೆ, ನೋಡುವುದು ನಿಲ್ಲುತ್ತದೆ. ಅಷ್ಟೇ ಅಲ್ಲ. ನನಗೂ ಹೇಳಲಿಲ್ಲವಲ್ಲ — ಇದು ಒಳಗೆ ಮುಳ್ಳಿನ ಹಾಗೆ ಆಡುತ್ತಿತ್ತು. ಇಷ್ಟು ವರ್ಷದ ಗೆಳೆತನದಲ್ಲಿ, ನನಗೂ.

ಒಂದು ಸಂಜೆ ಆಕೆಯ ಎಲೆ ಅಡಿಕೆಯ ಡಬ್ಬಿ ಮಂಚದ ಕೆಳಗೆ ಉರುಳಿಹೋಯಿತು. “ಸುಲೂ, ಅದೊಂಚೂರು ತಗದು ಕೊಡವಾ, ನನ್ನ ಕೈಲೆ ಆಗಂಗಿಲ್ಲ.” ನಾನು ಬಗ್ಗಿದೆ. ನನ್ನ ಮೊಣಕಾಲು ಖರೇನೇ ಕೆಟ್ಟವು. ನೆಲಕ್ಕೆ ಊರಿದಾಗ ಕಣ್ಣು ಕತ್ತಲೆ ಬಂತು. ಡಬ್ಬಿ ಹಿಡಿದು, ಮಂಚದ ಕಾಲು ಹಿಡಿದು ಮೇಲೆದ್ದಾಗ ಆಕೆ ನಗುತ್ತಿದ್ದಳು. “ಇಬ್ಬರೂ ಕೂಡಿ ಒಂದು ಚೊಲೋ ಕಾಲು ಆಗಂಗಿಲ್ಲ ನೋಡು,” ಅಂದಳು. ತಮಾಷೆ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಅವತ್ತು ಶಶಿಕಲಾ ಆಫೀಸಿನಿಂದ ಬರುವುದನ್ನೇ ಕಾದು ನಿಂತೆ. ಬಾಯಿ ತಪ್ಪಿ ಹೇಳಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಾಯಿ ತಪ್ಪಿರಲಿಲ್ಲ. ಡ್ರೋನ್ ತೆಗೆದ ವಿಡಿಯೋವನ್ನು ಫೋನಿನಲ್ಲಿ ಮೊದಲೇ ತೆರೆದು ಇಟ್ಟುಕೊಂಡಿದ್ದೆ.

“ನಿಮ್ಮತ್ತಿ ನಡೀತಾಳ ಶಶಿ. ದಿನಾ. ನೋಡಿಲ್ಲೆ.”

ಆಕೆ ಫೋನ್ ಹತ್ತಿರ ಹಿಡಿದು ನೋಡಿದಳು. ಮೊದಲು ನಕ್ಕಳು. “ಅಯ್ಯ, ಹೆಂಗ ನಡೀತಾರ ನೋಡ್ರಿ ಅಕ್ಕಾರ, ನನಕಿಂತ ಜೋರು.” ನಗು ಅಲ್ಲೇ ನಿಂತಿತು. ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು, ಹೆಗಲ ಮೇಲಿನ ಬ್ಯಾಗು ತೆಗೆಯದೆ. “ಮುಂಜಾನೆದ್ದು ಇವರನ್ನ ಎತ್ತಿ ಬಚ್ಚಲಕ್ಕ ಒಯ್ದು, ಎತ್ತಿ ತಂದು, ನನ್ನ ಟೊಂಕ ಹೋಗೇತ್ರಿ. ಒಂದಿನ ಬ್ಯಾಸರ ಮಾಡ್ಕೊಂಡಿಲ್ರಿ ನಾ. ಒಂದಿನ.”

ಆಕೆಯ ಕಣ್ಣಲ್ಲಿ ನೀರು ಬಂತು. ನಾನು ಇದನ್ನು ಯೋಚಿಸಿರಲೇ ಇಲ್ಲ — ಈ ಸುಳ್ಳಿನ ಭಾರ ಹೊತ್ತವಳು ಇನ್ನೊಬ್ಬಳಿದ್ದಾಳೆ ಎಂದು. ಮೇಲಿನಿಂದ ಒಬ್ಬಳನ್ನೇ ನೋಡಿದ್ದೆ. ಆಗಲಾದರೂ ನಾನು ಹೇಳಬಹುದಾಗಿದ್ದ ಒಳ್ಳೆಯ ಮಾತುಗಳು ಬಹಳ ಇದ್ದವು. ಹೇಳಿದ್ದು ಇದು:

“ನನ್ನ ಹೆಸರು ಮಾತ್ರ ಹೇಳಬ್ಯಾಡ.”

ಶಶಿಕಲಾ ಮಾತು ಉಳಿಸಿಕೊಂಡಳು. ಇಂದಿನವರೆಗೂ.

ಜಗಳ ಆಗಲಿಲ್ಲ. ಸಣ್ಣ ಮಗ ಅಣ್ಣನಿಗೆ ಫೋನ್ ಮಾಡಿದ. ಭಾನುವಾರ ದೊಡ್ಡವನು ಕಾರು ತಗೊಂಡು ಬಂದ, ಕರದಂಟು ತಂದಿದ್ದ, ಎಲ್ಲರಿಗೂ ಹಂಚಿದ. “ಅವ್ವಗ ಆರಾಮ ಆತಂತಲ್ರಿ ಅಕ್ಕಾರ, ನಮ್ಮ ಪಾಳಿ ಭಾಳ ಬಾಕಿ ಐತಿ,” ಅಂದ. ಖುಷಿಯಿಂದಲೇ ಅಂದ. ಯಾರೂ ಆಕೆಯನ್ನು ದೂರಲಿಲ್ಲ. ಆದರೆ ನೀಲವ್ವ ಕೋಣೆಯಿಂದ ಕಾರಿನವರೆಗೆ ತನ್ನ ಕಾಲಿನಿಂದಲೇ ನಡೆದು ಬರಬೇಕಾಯಿತು, ಎಲ್ಲರೂ ನೋಡುತ್ತಿದ್ದಂತೆ. ಮಾಳಿಗಿಯ ಮೇಲಿನ ನಡಿಗೆ ಅದಾಗಿರಲಿಲ್ಲ. ತಲೆಯ ಮೇಲೆ ಸೆರಗು ಹಣೆಯವರೆಗೆ ಇತ್ತು.

ಕಾರಿನ ಕಿಟಕಿಯಲ್ಲಿ ನನ್ನ ಕೈ ಹಿಡಿದಳು. ಮಕ್ಕಳು ಸಾಮಾನು ಇಡುತ್ತಿದ್ದರು.

“ನಾಲ್ಕು ಗಂಟೆಕ್ಕ ಇನ್ನ ಚಾ ಯಾರ ಕೂಡ ಕುಡೀತಿ?”

ಕೈ ಬಿಡದೆಯೇ ಮುಂದೆ ಹೇಳಿದಳು.

“ಈ ಮಂಚಾ ಬಿಟ್ರ ನವನಗರಕ್ಕ ಒಯ್ತಾರಂತ ಗೊತ್ತಿತ್ತು. ಅದಕ ಬಿಡ್ಲಿಲ್ಲ. ನಿನಗೊಬ್ಬಾಕಿಗೆ ಹೇಳಬೇಕಂತ ಭಾಳ ಸಲ ಬಾಯಿಗೆ ಬಂತು ಸುಲೂ. ಹೇಳಿದ್ರ ನೀನೂ ಅವರ ಮುಂದ ಸುಳ್ಳು ಹೇಳಬೇಕಾಗ್ತಿತ್ತು. ನೀ ಸುಳ್ಳು ಹೇಳಾಕಿ ಅಲ್ಲ. ನಿನಗ ಯಾಕ ಆ ಪಾಪ ಅಂತ ಬಿಟ್ಟೆ.”

ಆಮೇಲೆ ದನಿ ಇಳಿಸಿ, ಮಗ್ಗುಲ ಮನೆಯ ಕಡೆ ಕಣ್ಣು ಹಾಯಿಸಿ ಅಂದಳು: “ಮೆಹಬೂಬಿ ಮಗನ ಕೆಲಸ ಇದು. ಹೋದ ವಾರ ಪೈಪು ಜೋಡಸಾಕ ನಮ್ಮ ಮಾಳಿಗಿ ಹತ್ತಿದ್ದ. ಕೂಗದ ಹತ್ಯಾನ. ತಲಿ ಮ್ಯಾಲೆ ಸೆರಗಿಲ್ಲದ ನೋಡ್ಯಾನ ನನ್ನ.”

ಕಾರು ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಆಗ ಹೇಳಬಹುದಾಗಿತ್ತು. ‘ಅವನಲ್ಲ ನೀಲವ್ವ’ — ಎರಡೇ ಶಬ್ದ. ನಾನು ಆಕೆಯ ಸೆರಗು ಬಾಗಿಲಿಗೆ ಸಿಗದಂತೆ ಒಳಗೆ ಸರಿಸಿದೆ. ಹುಷಾರು ಅಂದೆ. ‘ಟೇಕ್ ಕೇರ್’ ಅಂದೆ. ಕನ್ನಡದಲ್ಲಿ ಹೇಳಲಿಕ್ಕೆ ಬಾಯಿ ಬಾರದಾಗ ಇಂಗ್ಲಿಷ್ ಎಷ್ಟು ಉಪಯೋಗ.

ಆಕೆಯ ಆ ಮಾತು ಕಾರಿನ ಜೊತೆ ಹೋಗಲಿಲ್ಲ. ಓಣಿಯಲ್ಲೇ ಉಳಿಯಿತು — ಕಿವಿ ಮಂದವಾದವಳು ಇಳಿಸಿದ ದನಿ ಸುತ್ತ ನಿಂತವರಿಗೆಲ್ಲ ಕೇಳಿತ್ತು. ರಫೀಕನದು ಪೈಪಿನ ಕೆಲಸ, ನೀರಿನ ಟ್ಯಾಂಕಿನ ಕೆಲಸ. ಎಂದರೆ ಅವನ ಹೊಟ್ಟೆಪಾಡು ಇನ್ನೊಬ್ಬರ ಮಾಳಿಗಿಯ ಮೇಲಿದೆ. ಒಂದೊಂದೇ ಮನೆಯವರು ಬೇರೆಯವರನ್ನು ಕರೆಸತೊಡಗಿದರು. ಯಾರೂ ಮುಖಕ್ಕೆ ಅನ್ನಲಿಲ್ಲ. ನಾನು ದೊಡ್ಡ ಮನಸ್ಸಿನವಳ ಹಾಗೆ ನಮ್ಮ ಟ್ಯಾಂಕಿಗೆ ಅವನನ್ನೇ ಕರೆದೆ. ಅವನು ಮೆಟ್ಟಿಲ ಕೆಳಗೆ ಒಮ್ಮೆ ಕೂಗಿದ, “ಮಾಳಿಗಿ ಹತ್ತೇನ್ರೀ.” ಒಂದು ಮೆಟ್ಟಿಲು ಹತ್ತಿ ಮತ್ತೆ ಕೂಗಿ, ಇನ್ನೊಂದು ಹತ್ತಿ ಮತ್ತೆ. ಸಂತೆಯಲ್ಲಿ ಮಾರುವವನ ಹಾಗೆ, ಇಡೀ ಓಣಿಗೆ ಕೇಳುವ ಹಾಗೆ. ಸಾಕಪ್ಪ ಅಂದೆ. “ಇರ್ಲಿ ಬಿಡ್ರಿ ಅಕ್ಕಾರ,” ಅಂದ, “ಗಂಟಲಾ ನಂದ ಐತಿ.”

ಪಾಳಿ ತಿರುಗಿ ಬಂದಾಗಲೂ ನೀಲವ್ವ ಬರಲಿಲ್ಲ. ಶಶಿಕಲಾ ಬೇಡ ಅನ್ನಲಿಲ್ಲ. ಬರಲೊಲ್ಲೆ ಎಂದವಳು ನೀಲವ್ವನೇ. ‘ಸುಳ್ಳು ಗೊತ್ತಾದ ಮನಿಯಾಗ ಹೆಂಗ ಕುಂದರ್ಲಿ’ ಅಂದಳಂತೆ. ಈಗ ಆ ಮೂರನೇ ಮಜಲಿನ ಕಿಟಕಿಯ ಹತ್ತಿರ ಕೂತಿರುತ್ತಾಳಂತೆ. ನಡೆಯುವುದು ಕಡಿಮೆಯಾಗಿದೆಯಂತೆ, ಈ ಸಲ ಖರೇನೇ ಎಂದು ಶಶಿಕಲಾ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಆಮೇಲೆ ನಾನು ಡ್ರೋನ್ ಮುಟ್ಟಲಿಲ್ಲ ಎಂದು ಬರೆಯುವ ಆಸೆಯಾಗುತ್ತದೆ. ಸುಳ್ಳು. ಒಂದು ಸಲ ಹಾರಿಸಿದೆ. ಖಾಲಿ ಮಾಳಿಗಿಯನ್ನು ನೋಡಬೇಕಿತ್ತು. ಆಕೆ ನಡೆದಲ್ಲಿ ಮಣ್ಣು ನುಣುಪಾಗಿ ಒಂದು ಗೆರೆ ಬಿದ್ದಿತ್ತು, ಈ ತುದಿಯಿಂದ ಆ ತುದಿಗೆ, ಎರಡೂ ಕೊನೆಯಲ್ಲಿ ಕಾಲು ತಿರುಗಿಸಿದ ಸಣ್ಣ ದುಂಡು. ಎಷ್ಟೋ ಸೀರೆಗಳ ಉದ್ದ ನಡೆದಿದ್ದಳು. ಆಗ ಬಾದಾಮಿಯ ಕಾವಲುಗಾರನ ಮಾತು ನೆನಪಾಯಿತು. ಇದು ಯಾರದೈತೋ ಅವರದು. ಕಲ್ಲಿನ ದೇವರಿಗೆ ಕಾವಲು ನಿಲ್ಲಿಸಿದ್ದಾರೆ. ನೀಲವ್ವನ ಮಾಳಿಗಿಗೆ ಕಾವಲಾಗಿದ್ದದ್ದು ಒಂದು ಕೂಗು ಮಾತ್ರ.

ಹೋದ ವಾರ ಮೆಹಬೂಬಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಆಕೆ ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ, ಕೂಡ್ರಿ ಅನ್ನಲಿಲ್ಲ. ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದು ಕಾದೆ — ಬೈದಿದ್ದರೆ ಹಗುರಾಗುತ್ತಿತ್ತು, ಚಾಪೆಲ್ಲಿನ ಆ ಗೂಡಿನಿಂದ ಹೊರಬರುವ ಹುಡುಗಿಯರ ಹಾಗೆ.

“ನನಗ ಹೇಳಿ ಏನ್ ಮಾಡ್ತೀರಿ ಅಕ್ಕಾರ,” ಅಂದಳು ಕೊನೆಗೆ. “ಆಕಿ ಕಣ್ಣಾಗ ನನ್ನ ಮಗಾ ಇನ್ನೂ ಆ ಮಾಳಿಗಿ ಮ್ಯಾಲೆ ನಿಂತಾನ. ಅಲ್ಲಿಂದ ಕೆಳಗ ಇಳಸ್ರಿ ಅವನ್ನ.”

ನಾಳೆ ಬಾಗಲಕೋಟಿ ಬಸ್ಸು ಹಿಡಿಯುತ್ತೇನೆ. ಬರೆದದ್ದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ನೀಲವ್ವನಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳಬೇಕು, ಕಿವಿ ಮಂದವಾದ್ದರಿಂದ ದೊಡ್ಡದಾಗಿ ಓದಬೇಕು. ಸೊಸೆ ಕೇಳಲಿ, ಮಗ ಕೇಳಲಿ, ಮೇಲಿನ ಮನೆ ಕೆಳಗಿನ ಮನೆಯವರೂ ಕೇಳಲಿ. ವಾಪಸು ಬಂದು ನಮ್ಮ ಓಣಿಯಲ್ಲೂ ಓದುತ್ತೇನೆ, ರಫೀಕನ ಎದುರಿಗೆ. ಆಕೆ ನನ್ನನ್ನು ಮತ್ತೆ ಸುಲೂ ಅನ್ನುತ್ತಾಳೋ ಇಲ್ಲವೋ ಎಂಬ ಕುತೂಹಲ ಈ ಹೊತ್ತೂ ಇದೆ. ಸಿಸ್ಟರ್ ಹೇಳಿದ ರೋಗ ಈ ವಯಸ್ಸಿಗೆ ವಾಸಿಯಾಗುವಂಥದ್ದಲ್ಲ. ಆದರೆ ಈ ಸಲ ಉತ್ತರವನ್ನು ಆಕೆಯ ಬಾಯಿಂದಲೇ ಕೇಳಬೇಕು, ಕೊಟ್ಟರೆ.

ಅಲ್ಲಿ ಲಿಫ್ಟ್ ಇಲ್ಲವಂತೆ. ಮೂರು ಮಜಲು, ಈ ಮೊಣಕಾಲು. ಮೆಟ್ಟಿಲ ಕೆಳಗೆ ನಿಂತು ಮೊದಲು ಕೂಗುತ್ತೇನೆ — ನೀಲವ್ವ, ನಾ ಸುಲೂ ಬಂದೇನಿ, ಹತ್ತಲೇನು? ಕೇಳಿಸದಿದ್ದರೆ ಮತ್ತೆ ಕೂಗುತ್ತೇನೆ. ಮೇಲಿನಿಂದ ಬಾ ಎನ್ನುವ ತನಕ ಮೊದಲ ಮೆಟ್ಟಿಲ ಮೇಲೆ ಕಾಲಿಡುವುದಿಲ್ಲ.